ಮುತ್ತಿ ಬೋಳಿಸಿದ ತಲೆ

ಮಡಿಕೇರಿಯ ಮಿಶನ್ ಮನೆಯಲ್ಲಿ ಮುತ್ತಿ ಆಯಾ ಆಗಿದ್ದಳು. ಜೈಲಿಗೆ ಹೋದವರ ಮಕ್ಕಳನ್ನು ಸಾಕುವ ಮನೆ ಅದು. ಅವಳೂ ಅಲ್ಲೇ ಬೆಳೆದವಳು. ಅಪ್ಪ ಜೈಲಲ್ಲೇ ಸತ್ತ. ನೆಂಟರು ಯಾರೂ ತಿರುಗಿ ನೋಡಲಿಲ್ಲ. ಮಿಶನ್ನಿನ ದೊರಸಾನಿ ಸಾಕಿ, ಜ್ಞಾನಸ್ನಾನ ಮಾಡಿಸಿ ಕ್ರೈಸ್ತಳನ್ನಾಗಿ ಮಾಡಿ, ಕೆಲಸವನ್ನೂ ಕೊಟ್ಟಳು. ಹುಟ್ಟಿದ ಜನರ ಹಬ್ಬ ಏನು, ಸೂತಕ ಏನು, ಮುತ್ತಿಗೆ ಗೊತ್ತಿರಲಿಲ್ಲ.

ಒಂದು ದಿನ ಗಂಗೆ ಎಂಬವಳು ಮಗ ಬೋಜನನ್ನು ತಂದು ಬಿಟ್ಟಳು. ಗಂಡ ಚೋಮನಿಗೆ ಕಾಫಿ ಕದ್ದದ್ದಕ್ಕೆ ಒಂದು ವರ್ಷ ಸಜೆ. ಎಸ್ಟೇಟಿನ ಕೂಲಿಮನೆಗಳ ಲೈನಿನಿಂದ ಅವಳನ್ನೂ ಹೊರಗೆ ಹಾಕಿದ್ದರು. ಪೊನ್ನಂಪೇಟೆ ಕಡೆ ಕೂಲಿಗೆ ಹೊರಟಿದ್ದಳು.

“ಮಾರ್ಚಿಗೆ ಅವ್ರನ್ನ ಬಿಡ್ತಾರೆ, ಮುತ್ತಕ್ಕ. ನಾನು ಬರ್ತೀನಿ. ಮೂರೂ ಜನ ಒಟ್ಟಿಗೇ ಹೋಗ್ಬೇಕು. ಅವ್ರಿಗೆ ನಾವ್ ಬಿಟ್ರೆ ಯಾರಿದಾರೆ?”

“ಹೋಗಿ ಬಾರೇ. ನಿನ್ ಮಗನ್ನ ಇಲ್ಲಿ ಯಾರೂ ಕದಿಯಲ್ಲ.”

ನವೆಂಬರಿನಲ್ಲಿ ಬೋಜನ ತಲೆಗೆ ಕಜ್ಜಿ ಬಂತು. ಅಪ್ಪನ ಮುಂದೆ ಚೊಕ್ಕಟವಾಗಿ ನಿಲ್ಲಲಿ ಎಂದು ಮುತ್ತಿ ನುಣ್ಣಗೆ ಬೋಳಿಸಿದಳು. ಮರುದಿನ ಜೈಲಿಗೆ ಕರೆದೊಯ್ದಳು. ಮಾತಾಡಲು ಬಿಡುತ್ತಿರಲಿಲ್ಲ, ದೂರದಿಂದ ನೋಡುವುದಷ್ಟೇ. ಚೋಮ ಮಗನ ತಲೆ ನೋಡಿದ. ಎದೆ ಬಡಿದುಕೊಂಡು ಕುಸಿದು ಕೂತ.

“ನೋಡು, ಅಪ್ಪಂಗೆ ನಿನ್ ಮೇಲೆ ಎಷ್ಟು ಆಸೆ,” ಎಂದಳು ಮುತ್ತಿ.

ಡಿಸೆಂಬರಿನಲ್ಲಿ ಹೊಸ ಚಕ್ರವರ್ತಿಯ ದಿಲ್ಲಿ ದರ್ಬಾರು. ಆ ಸಂತೋಷಕ್ಕೆ ಸರ್ಕಾರ ಕೆಲವು ಕೈದಿಗಳನ್ನು ಮೊದಲೇ ಬಿಟ್ಟಿತು. ವಾರ ಕಳೆದು ಸಂತೆಯಲ್ಲಿ ಜೈಲಿನ ವಾರ್ಡರ್ ದೇರಪ್ಪ ಸಿಕ್ಕಿದ.

“ಆ ಚೋಮನೂ ಹೋದ, ಮುತ್ತಿ. ವಯನಾಡಿಗೆ. ಪಾಪ, ಹೆಂಡ್ತಿ ಸತ್ಲಲ್ಲ.”

“ಯಾರ್ ಹೇಳಿದ್ದು? ಗಂಗೆ ಕಲ್ಲುಗುಂಡಿನ ಹಾಗಿದಾಳೆ.”

ದೇರಪ್ಪ ಅವಳ ಮುಖವನ್ನೇ ನೋಡಿದ. “ನೀನೇ ಹೇಳಿದ್ದು. ಅಪ್ಪ ಬದುಕಿದಾನೆ, ಮಗನ ತಲೆ ಬೋಳು. ಇನ್ಯಾರು ಸಾಯ್ಬೇಕು? ನಾನೂ ಹಂಗೇ ತಿಳ್ಕೊಂಡೆ. ಹನ್ನೊಂದು ದಿನ ಚೋಮ ತನ್ನ ಅನ್ನದಲ್ಲಿ ಒಂದು ತುತ್ತು ಕಾಗೆಗೆ ಇಟ್ಟ.”

“ಮಗ ಇದ್ನಲ್ಲ, ಕರ್ಕೊಂಡು ಹೋಗ್ಬಾರ್ದಿತ್ತಾ?”

“ಕೇಳ್ದೆ. ಮಿಶನ್ನಲ್ಲಿ ಗಂಜಿ ಆದ್ರೂ ಸಿಗ್ತದೆ, ನನ್ ಜೊತೆ ಬಂದ್ರೆ ಕಳ್ಳನ ಮಗ ಅಂತಾರೆ ಅಂದ.”

ದೊರಸಾನಿ ವಯನಾಡಿಗೆ ಆಳು ಕಳಿಸಿದಳು. ಚೋಮ ಸಿಗಲಿಲ್ಲ. ಮಾರ್ಚಿನಲ್ಲಿ ಗಂಗೆ ಬಂದಾಗ ಮುತ್ತಿಯೇ ಎಲ್ಲ ಹೇಳಬೇಕಾಯಿತು.

ಗಂಗೆ ಅಳಲಿಲ್ಲ. “ಹಂಗಾದ್ರೆ ನನ್ ತಿಥಿ ಆಗೋಯ್ತು.”

“ನನಗೆ ಗೊತ್ತಿರ್ಲಿಲ್ಲ ಕಣೇ. ಕ್ಷಮಿಸು.”

“ಗೊತ್ತಿಲ್ದೋಳು ಕೇಳ್ಬೇಕು. ನನ್ ಮಗನ ತಲೆ ಅದು. ಇಷ್ಟು ಮಕ್ಕಳನ್ನ ಸಾಕ್ತೀಯ, ಒಬ್ರನ್ನಾದ್ರೂ ಕೇಳ್ದ್ಯಾ?”

ಮುತ್ತಿ ಬಡಿಸಿದ ಅನ್ನ ಮುಟ್ಟದೆ, ಬೋಜನ ಕೈ ಹಿಡಿದು ಗಂಗೆ ವಯನಾಡಿನ ದಾರಿ ಹಿಡಿದಳು. ಆಮೇಲೆ ಅವರ ಸುದ್ದಿ ಬರಲಿಲ್ಲ. ಆ ಕಡೆಯಿಂದ ಬಂದ ಗಾಡಿಯವರನ್ನೆಲ್ಲ ಮುತ್ತಿ ನಿಲ್ಲಿಸಿ ಕೇಳುತ್ತಿದ್ದಳು.

“ಚೋಮ ಅನ್ನೋರು ಅಲ್ಲಿ ನೂರು ಜನ ಇದಾರಮ್ಮ,” ಎಂದು ಅವರು ಎತ್ತು ಹೊಡೆಯುತ್ತಿದ್ದರು.