ಸದ್ದು ನಿಂತ ಡಬ್ಬ

"ದೊಡ್ಡಮ್ಮನ ಡಬ್ಬ ಈಗ ಯಾಕಮ್ಮ ಸದ್ದೇ ಮಾಡಲ್ಲ?" ಎಂದು ಮಗಳು ಕೇಳಿದಳು. ಶಾಲೆ ಬಿಟ್ಟ ಮೇಲೆ ಅವಳು ನಮ್ಮ ಅಕ್ರೋಟಿನ ಶೆಡ್ಡಿಗೇ ಬಂದು, ನನ್ನ ಕೆಲಸ ಮುಗಿಯುವವರೆಗೆ ಕಿಟಕಿಯ ಕೆಳಗೆ ಚಿತ್ರ ಬರೆಯುತ್ತಾ ಕೂರುತ್ತಾಳೆ. ದೊಡ್ಡಮ್ಮ ನಮ್ಮ ನೆಂಟರೇನಲ್ಲ, ಶೆಡ್ಡಿಗೆಲ್ಲ ದೊಡ್ಡಮ್ಮ.

ಚಿಪ್ಪು ಒಡೆಯದ ಕಾಯಿಗಳಲ್ಲಿ ಹುಳುಕನ್ನು ಆರಿಸಿ ತೆಗೆಯುವುದು ನಮ್ಮ ಕೆಲಸ. ಕಾಯಿ ಮರದಲ್ಲಿರುವಾಗಲೇ ಬೂದು ಬಣ್ಣದ ಸಣ್ಣ ಪತಂಗವೊಂದು ಅದರ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ಒಳಹೊಕ್ಕು ತಿರುಳು ತಿಂದು, ಬಲೆಯಂಥ ನೂಲನ್ನೂ ಹಿಕ್ಕೆಯನ್ನೂ ತುಂಬಿಡುತ್ತದೆ. ಹೊರಗೆ ಸೂಜಿಮೊನೆಯಷ್ಟು ತೂತು, ಅದೂ ಕಂಡರೆ ಕಂಡೀತು. ಹುಳುಕು ಕಾಯಿ ಕೈಗೆ ಹಗುರ. ಸಿಕ್ಕಿದ್ದನ್ನು ಕಾಲ ಬಳಿಯ ತಗಡಿನ ಡಬ್ಬಕ್ಕೆ ಹಾಕುತ್ತೇವೆ. ಠಣ್. ದೊಡ್ಡಮ್ಮನ ಡಬ್ಬದ್ದೇ ಎಲ್ಲಕ್ಕಿಂತ ಜಾಸ್ತಿ ಸದ್ದು. ಎದುರಿಗೆ ತಕ್ಕಡಿ ಇಟ್ಟುಕೊಂಡು ಕೂರುತ್ತಿದ್ದ ಅವರ ಗಂಡ, "ಏನೇ, ಬರೀ ತಾಳನಾ? ಹಾಡೂ ಹೇಳ್ಬಿಡು" ಎಂದು ರೇಗಿಸುತ್ತಿದ್ದರು.

"ಹಾಡಿಗೆ ನಿಮ್ಮ ಗೊರಕೆ ಇದೆಯಲ್ಲ, ಸಾಕು ಬಿಡಿ."

ಆ ಗಂಡ ತೀರಿಹೋಗಿ ತಿಂಗಳಾಯಿತು. ದೊಡ್ಡಮ್ಮ ಅಳಲಿಲ್ಲ. ಕೆಲಸಕ್ಕೆ ಬಂದರು. ಬುಟ್ಟಿಗಳು ಎಂದಿನಂತೆ ಖಾಲಿಯಾದವು, ಡಬ್ಬ ಮಾತ್ರ ಬಾಯಿ ಬಿಡಲಿಲ್ಲ. ಸದ್ದು ನಿಂತದ್ದು ನಮಗೆಲ್ಲ ಗೊತ್ತಾಗದೆ ಇರಲಿಲ್ಲ. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಬುಟ್ಟಿ ಆರಿಸಿದೆವು.

ಇವತ್ತು ಮೇಸ್ತ್ರಿ, ದೊಡ್ಡಮ್ಮ ಆರಿಸಿ ಕಳಿಸಿದ್ದ ಒಂದು ಪೆಟ್ಟಿಗೆಯ ಮುಚ್ಚಳ ಎತ್ತಿದರು. ಪತಂಗಗಳು ಎದ್ದು ಬಲ್ಬಿನ ಸುತ್ತ ಸುತ್ತತೊಡಗಿದವು.

"ಇನ್ನೊಂದ್ಸಲ ಹೀಗಾದ್ರೆ ನಿಮ್ಮನ್ನ ಇಲ್ಲಿ ಕೂರ್ಸೋಕಾಗಲ್ಲ ದೊಡ್ಡಮ್ಮ. ನನ್ನ ಕೈಲೂ ಏನಿಲ್ಲ."

"ಸರಿಯಪ್ಪ."

ಒಂದು ಪತಂಗ ಬಂದು ಅವರ ತೋಳಿನ ಮೇಲೆ ಕೂತಿತು. ಅವರು ಕೊಡವಲಿಲ್ಲ. ಮಗಳೇ ಬಂದು ಊದಿ ಹಾರಿಸಿದಳು.

ಸಂಜೆ ನಲ್ಲಿಯ ಹತ್ತಿರ ನಾನು ಕೈ ತೊಳೆಯುವಾಗ ದೊಡ್ಡಮ್ಮ ಪಕ್ಕಕ್ಕೆ ಬಂದರು.

"ಮಧ್ಯಾಹ್ನ ಊಟ ಮಾಡಿದ್ರಾ?" ಎಂದೆ.

"ಮಾಡ್ದೆ ಅನ್ಸುತ್ತೆ." ಒದ್ದೆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಕೈಗೆ ಎಲ್ಲಾ ಒಂದೇ ತೂಕ ಬರ್ತಿದೆ ಕಣೆ. ಒಳ್ಳೇದೂ ಅಷ್ಟೇ, ಹುಳುಕೂ ಅಷ್ಟೇ. ಈ ಜಾಗಾನೂ ಹೋದ್ರೆ ಬೆಳಗಾಗೆದ್ದು ಎಲ್ಲಿಗೆ ಹೋಗ್ಲಿ?"

ಅವರಿಗೆ ನನ್ನ ಟವೆಲು ಕೊಟ್ಟೆ. ಒರೆಸಿಕೊಳ್ಳದೆ ಹಿಡಿದುಕೊಂಡೇ ದೊಡ್ಡಮ್ಮ ಅಂದರು:

"ನಾಳೆಯಿಂದ ನನ್ನ ಪಕ್ಕ ಕೂತ್ಕೊ. ನಾನು ಆರ್ಸಿದ ಬುಟ್ಟೀಲಿ ಒಂದ್ಸಲ ಕೈಯಾಡ್ಸು, ನನ್ನ ಕೈಗೆ ಬುದ್ಧಿ ಬರೋವರ್ಗೂ. ಹುಳುಕು ಸಿಕ್ರೆ ನಿನ್ನ ಡಬ್ಬಕ್ಕೆ ಹಾಕ್ಬೇಡ ಕಣೆ, ನನ್ನ ಡಬ್ಬಕ್ಕೆ ಹಾಕು. ಸದ್ದು ಬರ್ಲಿ."