ಬೂತಾಯಿ ಬೇಡವೆಂದ ಮೀನಂಗಡಿಯವರು

ಮೊನ್ನೆ ಪಕ್ಕದ ಮನೆಯಲ್ಲಿ ಬೂತಾಯಿ ಹುರಿಯುತ್ತಿದ್ದರು. ಆ ಎಣ್ಣೆಮೀನಿನ ವಾಸನೆ ಬಂದರೆ ನನಗೆ ಕೆಂಪಾಪುರದ ಮೀನಂಗಡಿಯವರು ನೆನಪಾಗುತ್ತಾರೆ… ಜೊತೆಗೆ ನಾಚಿಕೆಯೂ ಆಗುತ್ತದೆ.

ಕರಾವಳಿಯಿಂದ ಬಂದವರು. ಹೊಟ್ಟೆಪಾಡಿಗೆ ಆ ಅಂಗಡಿಯೊಂದೇ. ಗೋಡೆಯ ಮೇಲೆ ಗಾಳಿಯ ಒತ್ತಡ ತೋರಿಸುವ ಹಳೆಯ ಹಿತ್ತಾಳೆಯ ವಾಯುಭಾರ ಮಾಪಕವೊಂದು ತೂಗುತ್ತಿತ್ತು. ಕೆಲವು ವಾರ ಅವರು ಬೂತಾಯಿ ತರಿಸುತ್ತಲೇ ಇರಲಿಲ್ಲ.

“ಕಡಲಿನ ಮೇಲೆ, ನೆಲದ ಮೇಲೆ ಒತ್ತಡ ಬೇರೆ ಬೇರೆ ಇದ್ರೆ ಮಾತ್ರ ದಡದುದ್ದ ಗಾಳಿ ಬೀಸುದು. ಆ ಗಾಳಿ ಮೇಲಿನ ನೀರನ್ನು ಆಚೆ ತಳ್ಳಿದ್ರೆ ಅಡಿಯ ತಣ್ಣೀರು ಮೇಲೆ ಬರ್ತದೆ, ಮೀನಿಗೆ ಮೇವು ಆಗ್ತದೆ. ಈ ವಾರ ಗಾಳಿ ಇಲ್ಲ. ಸಿಗುದೆಲ್ಲ ಹಳೇ ಐಸಿನ ಮೀನು. ಬೇಡ ಮಾರಾಯ್ರೆ,” ಎನ್ನುತ್ತಿದ್ದರು.

ಅಂಗಡಿಯವರೇ ಕೊಳ್ಳಬೇಡಿ ಎಂದರೆ ನಂಬುವುದು ಹೇಗೆ? ನಾನು ವಿಜ್ಞಾನದ ಮೇಷ್ಟ್ರು ಬೇರೆ, ಹಾಲಿನ ಪ್ಯಾಕೆಟ್ಟನ್ನೂ ಮೂಸಿ ನೋಡುವವನು. ಒಳ್ಳೆಯ ಮೀನನ್ನೆಲ್ಲ ಹೋಟೆಲುಗಳಿಗೆ ಸಾಗಿಸಿ ನಮಗೆ ಕಥೆ ಕಟ್ಟುತ್ತಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು. ಒಂದು ಭಾನುವಾರ, ಅಂಗಡಿ ತುಂಬ ಜನ ಇದ್ದಾಗ, ಮಾಪಕದ ಕಡೆ ಕೈ ತೋರಿಸಿ ಹೇಳಿಯೇಬಿಟ್ಟೆ.

“ನಮ್ಮೂರು ಸಮುದ್ರಕ್ಕಿಂತ ಮೂರು ಸಾವಿರ ಅಡಿ ಎತ್ತರದಲ್ಲಿದೆ ಕಣ್ರೀ. ಎತ್ತರದಲ್ಲಿ ಒತ್ತಡ ಯಾವಾಗ್ಲೂ ಕಡಿಮೆ, ಇಲ್ಲಿ ಈ ಮುಳ್ಳು ವರ್ಷಪೂರ್ತಿ ಬಿರುಗಾಳಿ ಅಂತಾನೇ ತೋರಿಸುತ್ತೆ. ಇದನ್ನ ನೋಡಿ ಕಡಲಿನ ಗಾಳಿ ಹೇಳ್ತೀರಾ? ಯಾರಿಗ್ರೀ ಟೋಪಿ ಹಾಕ್ತೀರಾ?”

ಜನ ನಕ್ಕರು. ಅವರು ಕತ್ತಿ ಕೆಳಗಿಟ್ಟು, “ಅದು ಅಪ್ಪನ ದೋಣಿಯದ್ದು. ನೆನಪಿಗೆ ಇಟ್ಟದ್ದು,” ಎಂದರು. ಅದೂ ಒಂದು ನೆಪ ಅಂದುಕೊಂಡೆ. ಮಾತು ಬೀದಿಯೆಲ್ಲ ಹರಡಿತು. ಗಿರಾಕಿಗಳು ಎದುರಿನ ಹೊಸ ಅಂಗಡಿಗೆ ಹೋದರು. ದೀಪಾವಳಿಯ ಹೊತ್ತಿಗೆ ಇವರು ಬಾಗಿಲು ಹಾಕಿ ಊರು ಬಿಟ್ಟಿದ್ದರು.

ಮಳಿಗೆ ಖಾಲಿ ಮಾಡಿಸುತ್ತಿದ್ದ ಮಾಲೀಕರು ಪರಿಚಯದವರು. ಒಳಗೆ ಹೋದೆ. ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ತಾರೀಕಿಗೊಂದರಂತೆ ಪೆನ್ಸಿಲಿನ ಬರಹ: ‘ಸಾವಿರದ ಆರು. ಗಾಳಿ ಇಲ್ಲ. ತರಿಸುವುದು ಬೇಡ.’ ನಮ್ಮೂರಿನಲ್ಲಿ ಗಾಳಿಯ ಒತ್ತಡ ಸಾವಿರ ಮಿಲಿಬಾರ್ ಮುಟ್ಟುವುದೇ ಇಲ್ಲ. ಅವು ಕಡಲ ತೀರದ ಅಂಕಿಗಳು.

“ದಿನಾ ಬೆಳಿಗ್ಗೆ ಬಂದರಿನಲ್ಲಿರೋ ಅಣ್ಣಂಗೆ ಫೋನ್ ಮಾಡಿ ಕೇಳ್ಕೊಂಡು ಬರೀತಿದ್ರು ಸಾರ್,” ಎಂದರು ಮಾಲೀಕರು. ಗೋಡೆಯ ಮುಳ್ಳನ್ನು ನಂಬಿದ್ದವರು ಅವರಲ್ಲ. ಹಾಗೆ ಅಂದುಕೊಂಡವನು ನಾನು. ಅವರ ನಂಬರಿಗೆ ಎಷ್ಟೋ ಸಲ ಫೋನ್ ಮಾಡಿದೆ… ಹತ್ತಲಿಲ್ಲ.

ಈಗ ನಾನು ಹೋಗುವ ಅಂಗಡಿಯಲ್ಲಿ ವರ್ಷವಿಡೀ ಬೂತಾಯಿ ಇರುತ್ತದೆ. ಯಾವಾಗ ಕೇಳಿದರೂ, “ಇವತ್ತಿಂದೇ ಸಾರ್, ಫ್ರೆಶ್,” ಎನ್ನುತ್ತಾರೆ. ಬೇಡ ಎನ್ನುತ್ತಿದ್ದವರು ಒಬ್ಬರೇ ಇದ್ದರು. ಅವರನ್ನು ನಾನೇ ಓಡಿಸಿದೆ.