ಕುರ್ಚಿಗೆ ಅಂಟಿಕೊಂಡ ಪರೀಕ್ಷಕರು

ಹೋದ ವಾರ ನಮ್ಮ ತಾರಸಿಯ ನೀರಿನ ಟ್ಯಾಂಕು ಬಿರುಕು ಬಿಟ್ಟು, ರಿಪೇರಿಯವನು ಫೈಬರ್ ಹಾಳೆ ಇಟ್ಟು ರೆಸಿನ್ ಅಂಟು ಬಳಿಯುತ್ತಿದ್ದ. ಆ ಘಾಟು ಮೆಟ್ಟಿಲಿಳಿದು ಅಡುಗೆಮನೆಗೆ ಬಂತು. ನಾನು ಒಲೆಯ ಮೇಲಿನ ಸಾರು ಮರೆತು ನಿಂತೆ. ಚಿತ್ರದುರ್ಗದ ಕಾಲೇಜಿನ ಆ ಲ್ಯಾಬು, ನನ್ನ ಗೈಡು, ಆ ಕುರ್ಚಿ...

ಗೈಡು ಮಾಡದಕೆರೆ ಕಡೆಯ ಕುರಿಗಾರರ ಮನೆತನದವರು. ನಾರೂ ರೆಸಿನ್ನೂ ಸೇರಿ ಒಂದಾದ ವಸ್ತು ಎಷ್ಟು ಭಾರ ತಡೆಯುತ್ತದೆ, ಎಲ್ಲಿ ಸೀಳುತ್ತದೆ ಎಂದು ನೋಡುವುದರಲ್ಲೇ ಅವರ ನೌಕರಿಯ ಕಾಲವೆಲ್ಲ ಕಳೆಯಿತು. ಮದುವೆ ಊಟಕ್ಕೆ ಕೂತರೂ ಅಡಿಕೆ ಹಾಳೆಯ ತಟ್ಟೆ ಬಗ್ಗಿಸಿ ನೋಡುತ್ತಿದ್ದರು. ಬಡಿಸುವವರು ಪಾಯಸದ ಬಕೆಟ್ ಹಿಡಿದು ಕಾಯಬೇಕಿತ್ತು. ಒಮ್ಮೆ ತಟ್ಟೆ ಸೀಳಿ ಪಕ್ಕದವರ ಪಂಚೆಗೆ ಸಾರು ಚೆಲ್ಲಿತು. ಗೈಡಿಗೆ ಕಂಡದ್ದು ಸೀಳು ಮಾತ್ರ. "ನಾರಿನ ಗುಂಟನೇ ಹೋಗೈತೆ ನೋಡಮ್ಮ" ಎಂದು ನನ್ನನ್ನು ಕರೆದು ತೋರಿಸಿದರು.

ಹೊಸದುರ್ಗದ ತೆಂಗಿನ ನಾರಿನಿಂದ ಗಟ್ಟಿ ಹಲಗೆ ಮಾಡುವುದು ನನ್ನ ಪಿಎಚ್.ಡಿ. ವಿಷಯ. ಅದು ಎಳೆದೂ ಎಳೆದೂ, ರಾಮಗಿರಿಯಲ್ಲಿದ್ದ ನಮ್ಮಪ್ಪ ಈ ವರ್ಷ ಮುಗಿಯದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಬಾ ಎಂದಿದ್ದರು. ಅಂತೂ ಕೊನೆಯ ಮೌಖಿಕ ಪರೀಕ್ಷೆಯ ದಿನ ಗೊತ್ತಾಯಿತು. ಬರೀ ಹಲಗೆ ತುಂಡು ತೋರಿಸಿದರೆ ಯಾರು ನಂಬುತ್ತಾರೆ, ಕುರ್ಚಿಯನ್ನೇ ಮಾಡೋಣ ಎಂದರು ಗೈಡು. ಮಾಡಿದೆವು. ಹಿಂದಿನ ಸಂಜೆ ಅದಕ್ಕೆ ಕೊನೆಯ ಪದರ ಬಳಿದವಳು ನಾನು. ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡನರನ್ನು ಗಡಿಬಿಡಿಯಲ್ಲಿ ಅರ್ಧದಷ್ಟೇ ಹಾಕಿದ್ದೆ. ಆಗ ಅದು ನನಗೂ ಗೊತ್ತಾಗಲಿಲ್ಲ. ಬೆಳಿಗ್ಗೆ ಕುರ್ಚಿ ಫಳಫಳ ಹೊಳೆಯುತ್ತಿತ್ತು.

ಪರೀಕ್ಷಕರು ಭಾರಿ ಆಳು, ಬಿಳೀ ಪ್ಯಾಂಟು. ಗೈಡು "ಕುಂತ್ಕಳ್ರಿ ಸಾರ್" ಎಂದು ಹೆಮ್ಮೆಯಿಂದ ಕುರ್ಚಿ ಮುಂದಿಟ್ಟರು. ಕುರ್ಚಿ ಕಿರ್ರೆನ್ನಲಿಲ್ಲ. ಅವರು ಒಂದು ಗಂಟೆ ಕೂತು, ನಾರು ರೆಸಿನ್ನಿಂದ ಬಿಟ್ಟುಕೊಳ್ಳುವುದಿಲ್ಲ ಎನ್ನುವುದಕ್ಕೆ ಏನು ಖಾತ್ರಿ ಎಂದು ಒಂದರ ಹಿಂದೊಂದು ಪ್ರಶ್ನೆ ಹಾಕಿದರು. ಕೊನೆಗೆ ಏಳಲು ಹೋದರು. ಕುರ್ಚಿಯೂ ಜೊತೆಗೇ ಎದ್ದಿತು.

ಆಗ ನನಗೆ ಹಾರ್ಡನರ್ ಬಾಟಲಿ ಕಣ್ಣ ಮುಂದೆ ಬಂತು. ವರದಿಗೆ ಇನ್ನೂ ಪರೀಕ್ಷಕರ ಸಹಿ ಬಿದ್ದಿರಲಿಲ್ಲ. ಗೈಡು ನನ್ನ ಮುಖವನ್ನೊಮ್ಮೆ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿಬಿಟ್ಟರು.

"ಕೊನೇ ಪದರ ಬಳ್ದೋನು ನಾನೇ ಸಾರ್. ಅಳತೆ ತಪ್ಪೈತೆ. ಈ ಹುಡುಗೀದು ಏನೂ ಇಲ್ಲ."

ಜವಾನ ಪರೀಕ್ಷಕರನ್ನು ಎಳೆದ, ಗೈಡು ಕುರ್ಚಿಯನ್ನು ಅದುಮಿ ಹಿಡಿದರು. ಪರ್ರ್ ಎಂದು ಸದ್ದಾಯಿತು. ನಾನು ಗೋಡೆಗೆ ಮುಖ ಮಾಡಿ ಕರಿಹಲಗೆಯ ಮೇಲಿನ ನನ್ನದೇ ಸಮೀಕರಣ ಓದುತ್ತ ನಿಂತೆ. ಬೆನ್ನ ಹಿಂದೆ ಗೈಡಿನ ಖುಷಿಯ ದನಿ ಕೇಳಿಸಿತು: ಬಟ್ಟೆ ಹರಿದಿದೆಯಂತೆ, ಅಂಟು ಬಿಟ್ಟಿಲ್ಲವಂತೆ. ಪರೀಕ್ಷಕರು ಮೊದಲು ಉರಿದುಬಿದ್ದರು, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. ಗೈಡು ಬೀರುವಿನಿಂದ ತೆಗೆದುಕೊಟ್ಟ ಕರಿಕಂಬಳಿಯನ್ನು ಸೊಂಟಕ್ಕೆ ಸುತ್ತಿಕೊಂಡು, ಸುಡುಬಿಸಿಲಿನ ಮಧ್ಯಾಹ್ನ ಬೆವರುತ್ತ ಸಹಿ ಹಾಕಿದರು.

ಆಮೇಲೆ ನಾನು ಗೈಡಿನ ಮುಂದೆ ಎರಡು ಸಲ ಆ ಮಾತು ತೆಗೆದೆ. ಅದನ್ನು ಅಲ್ಲಿಗೇ ಬಿಡು ಎಂದರು. ಬಿಟ್ಟೆ... ಕೆಲಸ ಸಿಕ್ಕಿತು, ಊರು ಬದಲಾಯಿತು. ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದೇ ತಿಂಗಳುಗಳ ಮೇಲೆ.

ನಿನ್ನೆ ಮಾಡದಕೆರೆಗೆ ಹೋಗಿದ್ದೆ. ಅವರ ಹೆಂಡತಿ ಕಾಫಿ ಕೊಟ್ಟು, ನನ್ನ ಗುರುತು ಹಿಡಿದು ನಕ್ಕರು. "ಕುರ್ಚಿ ಹುಡುಗಿ ಅಲ್ವೇನಮ್ಮ? ಅವತ್ತು ಅಳತೆ ತಪ್ಪಿದ್ರು ಅಂತ ನಾನು ಅವರನ್ನ ಸಾರಿಗೆ ಉಪ್ಪು ಹಾಕಕ್ಕೂ ಬಿಡ್ತಿರ್ಲಿಲ್ಲ."

ಮನೆಯಲ್ಲೂ ನಿಜ ಹೇಳಿರಲಿಲ್ಲ ಅವರು. ನಾನು ಲೋಟ ಕೆಳಗಿಟ್ಟು, ತಪ್ಪಿದ್ದು ಅವರಲ್ಲ, ನಾನು ಎಂದೆ.

ಗೈಡಿನ ಹೆಂಡತಿ, ಇಷ್ಟು ವರ್ಷ ಸುಮ್ಮನೆ ಬೈಸಿಕೊಂಡರಲ್ಲ ಎಂದು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು. ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು.

"ಅವರು ಇದ್ದಾಗ ಬಂದು ಹೇಳ್ಬಾರ್ದಿತ್ತೇನಮ್ಮ" ಎಂದರು.